ಕಮಲಾಪುರಕ್ಕೆ ಹೋದ ಖಾಲಿ ಬಕೆಟ್

ದಾನ ಮಾಡುವುದು ಹೇಗೆಂದು ಕಲಬುರಗಿಗೆ ತೋರಿಸಿಯೇ ಬಿಡುತ್ತೇನೆ ಎಂದು ಕಲ್ಯಾಣಪ್ಪ ತೀರ್ಮಾನಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ ಇರುವಾಗಲೇ!

ಊರಿನ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಅವನದೊಂದು ಬಟ್ಟೆ ಅಂಗಡಿ. ಹಿಂದಿನ ದಿನ ಮದುವೆಯ ಜವಳಿ ತಲುಪಿಸಲು ಕಮಲಾಪುರಕ್ಕೆ ಹೋದವನು ಬಂಡೆಮ್ಮ ಟೀಚರ್ ನಡೆಸುವ ಹುಡುಗಿಯರ ವಸತಿಮನೆ ನೋಡಿ ಬಂದಿದ್ದ. ಸುತ್ತಲಿನ ಹಳ್ಳಿ, ತಾಂಡಾಗಳ ಹುಡುಗಿಯರು ಅಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಾರೆ. ಇಂಥ ಒಂದು ಮನೆ ಆಗ ಇರಲಿಲ್ಲವೆಂದೇ ಅವನ ಅಕ್ಕನ ಓದು ಏಳನೇ ಕ್ಲಾಸಿಗೆ ನಿಂತಿತ್ತು. ಬೇವಿನ ಮರದ ಕೆಳಗೆ ಗಟ್ಟಿಯಾಗಿ ಪಾಠ ಓದುತ್ತಿದ್ದ ಹುಡುಗಿಯರನ್ನು ಕಂಡು ಅವನಿಗೆ ಕಣ್ಣು ತುಂಬಿ ಬಂದದ್ದು ಸುಳ್ಳಲ್ಲ.

"ತಿಂಗಳಾ ತಿಂಗಳಾ ಒಂದಿಷ್ಟು ರೊಕ್ಕ ತಾನೇ ಹೋಗೋ ಹಂಗ ಮೊಬೈಲಿನಾಗ ಮಾಡೀನಿ," ಎಂದು ಹೆಂಡತಿ ವಿದ್ಯಾವತಿಯ ಮುಂದೆ ಎದೆಯುಬ್ಬಿಸಿದ. "ಕೊಟ್ಟೆ, ಮರತೆ. ತಿರುಗಿ ಏನೂ ಬ್ಯಾಡ. ಒಂದು ಥ್ಯಾಂಕ್ಸ್ ಸೈತ ಬ್ಯಾಡ."

"ಮದಲ ಬಾಯಿ ತೊಳಕೊಳ್ರಿ," ಎಂದಳು ವಿದ್ಯಾವತಿ.

ಮೊದಲ ಕಂತು ಹೋದ ವಾರವೇ ಕಮಲಾಪುರ ಬಸ್ಸಿನ ಕಂಡಕ್ಟರ್ ತಾರಿಖ್ ಅಂಗಡಿಗೆ ಬಂದು ಒಂದು ಸ್ಟೀಲ್ ಡಬ್ಬಿ ಇಟ್ಟ. ಒಳಗೆ ಹುಡುಗಿಯರೇ ಕುಟ್ಟಿದ ಶೇಂಗಾ ಚಟ್ನಿಪುಡಿ. ಥ್ಯಾಂಕ್ಸ್ ಸೈತ ಬೇಡವೆಂದಿದ್ದ ಮಹಾದಾನಿ ಬಿಸಿ ರೊಟ್ಟಿ, ಎಣ್ಣೆ ಹಚ್ಚಿಕೊಂಡು ಡಬ್ಬಿಯ ತಳ ಕಾಣುವವರೆಗೂ ತಿಂದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಿದ್ಯಾವತಿ ಡಬ್ಬಿ ತೊಳೆದು, ಒರೆಸಿ, ಹೋಳಿಗೆಗೆ ಶೇಂಗಾ ಹುರಿಯಲು ಕುಳಿತಳು.

"ಇದ್ಯಾಕ ಮತ್ತ?"

"ಖಾಲಿ ಡಬ್ಬಿ ತಿರುಗಿ ಕಳಸ್ತಾರೇನ್ರಿ ಯಾರರೆ? ಮನ್ಯಾಗ ಒಲಿ ಹೊತ್ತಂಗಿಲ್ಲ ಅಂತ ಡಂಗುರಾ ಸಾರಿದಂಗ ಆಗ್ತದ."

ಅಷ್ಟೊಂದು ಹುಡುಗಿಯರಿಗೆ ಒಂದು ಡಬ್ಬಿ ಹೋಳಿಗೆ ಯಾವ ಮೂಲೆಗೆ? ಆ ಡಬ್ಬಿಯನ್ನು ತನ್ನದೊಂದು ದೊಡ್ಡ ಡಬರಿಯೊಳಗಿಟ್ಟು, ಸುತ್ತಲೂ ಹೋಳಿಗೆ ತುಂಬಿ ಕಳಿಸಿದಳು. ಡಬರಿ ಕಲ್ಯಾಣಪ್ಪನ ಮನೆಯದಲ್ಲವೇ? ಅದನ್ನು ಖಾಲಿ ಕಳಿಸಲು ಬಂಡೆಮ್ಮನವರೇನು ಸಂಪ್ರದಾಯ ತಿಳಿಯದವರೇ! ಸಜ್ಜೆ ರೊಟ್ಟಿ ತುಂಬಿ ಬಂತು, ಜೊತೆಗೆ ಹಿತ್ತಲಿನ ಕೆಂಪು ಬಾಳೆಹಣ್ಣು ಹೇರಿದ ಹಸಿರು ಬಕೆಟ್ಟು. ಬಕೆಟ್ಟಿಗೆ ಇಲ್ಲಿಂದ ಲಾಡು. ಅದು ಬದನೆಕಾಯಿ ಹೊತ್ತು ತಿರುಗಿ ಬಂತು. ಇಲ್ಲಿಂದ ಗೋಧಿ-ಬೆಲ್ಲದ ಮಾದಲಿ ಹೋಯಿತು, ಅಲ್ಲಿಂದ ಮತ್ತೆ ಬಾಳೆಹಣ್ಣು. ಕಲಬುರಗಿಗೂ ಕಮಲಾಪುರಕ್ಕೂ ನಡುವೆ ಇಂಥ ವ್ಯಾಪಾರ ಸುಲ್ತಾನರ ಕಾಲದಲ್ಲೂ ನಡೆದಿರಲಿಕ್ಕಿಲ್ಲ.

"ಅಣ್ಣಾ, ನನ್ನ ಬಸ್ಸಿನಾಗ ಮಂದಿ ನಿಂತು ಬರ್ಲಿಕತ್ತಾರ, ನಿಮ್ಮ ಬಕೆಟ್ ಸೀಟಿನ ಮ್ಯಾಲ ಕೂತು ಬರ್ಲಿಕತ್ತದ," ಎಂದ ತಾರಿಖ್.

ಒಂದು ಮಧ್ಯಾಹ್ನ ಬಾಳೆಹಣ್ಣು ಸುಲಿಯುತ್ತಿದ್ದ ಕಲ್ಯಾಣಪ್ಪನ ಕೈ ಗಕ್ಕನೆ ನಿಂತಿತು. ಅಲ್ಲ, ಇದು ಆ ಹುಡುಗಿಯರು ತಿನ್ನಬೇಕಾದ ಹಣ್ಣು! ತಾನು ಕೊಡುವುದು ಚೂರು, ತಿನ್ನುವುದು ಗೊನೆ. ಓದುವ ಮಕ್ಕಳ ಬಾಯಿಂದ ಕಿತ್ತು ತಿಂದಂತಾಯಿತಲ್ಲ! ಹಣ್ಣು ಕೆಳಗಿಟ್ಟು ಬಂಡೆಮ್ಮನಿಗೆ ಫೋನ್ ಹಚ್ಚಿದ.

"ಅಕ್ಕಾರ, ಇನ್ನ ಮ್ಯಾಲ ಏನೂ ಕಳಸಬ್ಯಾಡ್ರಿ."

"ನೀವು ತುಂಬಿ ಕಳಸಿದ್ರ ನಾವು ಖಾಲಿ ಹೆಂಗ ಕಳಸ್ಬೇಕ್ರಿ?" ಎಂದರು ಬಂಡೆಮ್ಮ. "ಮದಲ ನೀವು ನಿಂದ್ರಸ್ರಿ. ಈಗ ಬಕೆಟ್ ನಿಮ್ಮ ಕಡೆನೇ ಅದ."

ವ್ಯಾಪಾರಿಯ ತಲೆ ಚುರುಕಾಯಿತು. ಒಂದೇ ಒಂದು ಸಲ ಖಾಲಿ ಮುಟ್ಟಿಸಿದರೆ ಸರಪಳಿ ಕಡಿಯಿತು! ವಿದ್ಯಾವತಿ ಕಿವಿ ಮುಚ್ಚಿಕೊಂಡಳು. "ನಾ ಕೈ ಹಚ್ಚಂಗಿಲ್ಲ ಈ ಕೆಲಸಕ್ಕ. ನೀವೇ ಒಯ್ರಿ."

ಅವನೇ ಒಯ್ದ. ಧೂಳಿನ ದಾರಿಯೆಂದು ಹಳೆ ಅಂಗಿ, ಹರಕು ಚಪ್ಪಲಿ ಹಾಕಿಕೊಂಡು, ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತ. ತಾರಿಖ್ ಒಳಗೆ ಇಣುಕಿದ.

"ಖಾಲಿ?"

"ಖಾಲಿ."

ತಾರಿಖ್‌ನ ಕಣ್ಣು ಹಳೆ ಅಂಗಿಯ ಮೇಲೆ ಹೋಯಿತು. ಕಮಲಾಪುರದಲ್ಲಿ ಇಳಿದಾಗ ತಾನೇ ಚಹಾ ಕುಡಿಸಿದ. ಕಲ್ಯಾಣಪ್ಪ ಕಿಸೆಗೆ ಕೈ ಹಾಕಿದರೆ, "ರಹನೇ ದೋ, ಇರ್ಲಿ ಬಿಡ್ರಿ ಅಣ್ಣಾ. ದಿನಾ ಎಲ್ಲಾ ಒಂದೇ ಥರಾ ಇರಂಗಿಲ್ಲ," ಎಂದ.

ವಸತಿಮನೆಯಲ್ಲಿ ಬಂಡೆಮ್ಮ ಬಕೆಟ್ಟಿನೊಳಗೆ ನೋಡಿದರು. ಆಮೇಲೆ ಚಪ್ಪಲಿ ನೋಡಿದರು. ದನಿ ಮೆತ್ತಗಾಯಿತು.

"ಅಂಗಡಿ ಹೆಂಗ ನಡದದ್ರಿ?"

ದಾನಿಯಾದವನು ಜಂಬ ಕೊಚ್ಚಿಕೊಳ್ಳಬಾರದಲ್ಲ! "ಏನೋ ದೇವರು ನಡಸ್ಯಾನ್ರಿ ಅಕ್ಕಾರ," ಎಂದು ಕಲ್ಯಾಣಪ್ಪ ವಿನಯದಿಂದ ತಲೆ ತಗ್ಗಿಸಿದ. ಊಟಕ್ಕೆ ಕೂರಿಸಿದರು. ಒಬ್ಬ ಹುಡುಗಿ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು, ಮತ್ತೊಬ್ಬಳು ಅದರ ಮೇಲೆ ಬೆಣ್ಣೆ. ಎಂಥ ಸಂಸ್ಕಾರ ಎಂದು ಮೆಚ್ಚುತ್ತ ಬರಿಗೈಯಲ್ಲಿ, ಗೆದ್ದ ಪೈಲ್ವಾನನ ನಡಿಗೆಯಲ್ಲಿ ಮನೆಗೆ ಬಂದ.

ಮುಂದಿನ ತಿಂಗಳ ಮೊದಲ ವಾರ. ಅಂಗಡಿ ತುಂಬ ಗಿರಾಕಿಗಳು, ಗಲ್ಲಾಪೆಟ್ಟಿಗೆಯ ಹತ್ತಿರ ವಿದ್ಯಾವತಿ. ತಾರಿಖ್ ಆಟೋದಿಂದ ಒಂದು ಚೀಲ ಜೋಳದ ಹಿಟ್ಟು, ಒಂದು ಗಂಟು ತೊಗರಿಬೇಳೆ, ಮೇಲೆ ಅದೇ ಹಸಿರು ಬಕೆಟ್ಟು ಇಳಿಸಿದ. ಅವನು ಗುಟ್ಟಾಗಿ "ಹೌಸಲಾ ರಖೋ ಅಣ್ಣಾ, ಧೈರ್ಯಾ ಇರ್ಲಿ" ಎಂದದ್ದು ಪಕ್ಕದ ಬಂಗಾರದ ಅಂಗಡಿಗೂ ಕೇಳಿಸಿತು. ಅಷ್ಟರಲ್ಲಿ ಫೋನು. ಕೈಯಲ್ಲಿ ಸೀರೆ ಹಿಡಿದಿದ್ದ ಕಲ್ಯಾಣಪ್ಪ ಸ್ಪೀಕರ್ ಒತ್ತಿದ.

"ಅಣ್ಣಾರ, ನಾಚಿಕಿ ಪಡಬ್ಯಾಡ್ರಿ," ಬಂಡೆಮ್ಮನ ದನಿ ಅಂಗಡಿ ತುಂಬಿತು. "ನಮ್ಮ ಹುಡುಗ್ಯಾರು ಮೀಟಿಂಗ್ ಮಾಡ್ಯಾರ. ನಿಮ್ಮ ಅಂಗಡಿ ತಿರುಗಿ ಎದ್ದು ನಿಲ್ಲೋತನಕ ತಿಂಗಳಾ ತಿಂಗಳಾ ನಮ್ಮ ಕಡಿಂದ ಒಂದಿಷ್ಟು ಬರ್ತದ. ನೀವು ಕೊಡೋದು ನಿಂತ್ರೂ ಚಿಂತಿ ಇಲ್ಲ."

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿದ್ಯಾವತಿ ಸೆರಗು ಬಾಯಿಗಿಟ್ಟುಕೊಂಡು ನಗು ತಡೆಯಲು ಒದ್ದಾಡುತ್ತಿದ್ದಳು.

"ಇಲ್ರಿ ಅಕ್ಕಾರ, ಹಂಗಲ್ರಿ, ನಾ ಹೇಳೋದು—"

"ಏನೂ ಹೇಳಬ್ಯಾಡ್ರಿ. ಥ್ಯಾಂಕ್ಸ್ ಸೈತ ಬ್ಯಾಡ. ಬಕೆಟ್ ಮಾತ್ರ ಖಾಲಿನೇ ಕಳಸ್ರಿ ಅಣ್ಣಾರ. ನಾವೇನೂ ತಪ್ಪು ತಿಳಕೊಳ್ಳಂಗಿಲ್ಲ."