ಸಕ್ಕರೆ ತಿಂದವರು ಯಾರು

ತಾಂಬಾದ ಧರೆಪ್ಪನ ಎಡ ಮೂತ್ರಪಿಂಡದಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆ ಕಂಡದ್ದೇ ತಡ, ಊರಿನವರೆಲ್ಲ ಡಾಕ್ಟರರಾದರು. ನಿಜವಾದ ಡಾಕ್ಟರು ಇದ್ದದ್ದು ವಿಜಯಪುರದಲ್ಲಿ. ಕ್ಯಾನ್ಸರ್ ಗಡ್ಡೆಗಳಲ್ಲಿ ಉಗ್ರವಾದವೂ ಇರುತ್ತವೆ, ಸೋಮಾರಿಗಳೂ ಇರುತ್ತವೆ ಎಂದು ಅವರು ತಿಳಿಸಿ ಹೇಳಿದ್ದರು. ಸಕ್ಕರೆಯಂಥ ಔಷಧಿ ಚುಚ್ಚಿ, ಗಡ್ಡೆ ಅದನ್ನೆಷ್ಟು ಗಬಗಬ ತಿನ್ನುತ್ತದೆಂದು ಯಂತ್ರದಲ್ಲಿ ನೋಡುವುದು. ಹೆಚ್ಚು ತಿಂದರೆ ತಡಮಾಡದೆ ಆಪರೇಶನ್, ಇಲ್ಲದಿದ್ದರೆ ಕಾಯಬಹುದು. ಸೋಮವಾರ ಖಾಲಿ ಹೊಟ್ಟೆಯಲ್ಲಿ ಬರಬೇಕು, ಚಹಾ ಕೂಡ ಕುಡಿಯಬಾರದು ಎಂದು ನರ್ಸಮ್ಮ ಫೋನಿನಲ್ಲಿ ಹೇಳಿದಳು.

ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಕಾಶಿಬಾಯಿ ಸಕ್ಕರೆ ಹಾಲು ಹಿಡಿದು ಬಾಗಿಲಲ್ಲೇ ನಿಂತಳು. ಹಸಿದು ದವಾಖಾನೆಗೆ ಹೋಗುವುದು ಅಪಶಕುನವಂತೆ. ಧರೆಪ್ಪ ಹಿತ್ತಲಿಂದ ಜಿಗಿದು ಬಸ್ಸು ಹತ್ತಿದ. ಹೆಂಡತಿ ಗುಂಡವ್ವ ಕಾಶಿಬಾಯಿಯನ್ನು ಸಮಾಧಾನ ಮಾಡಿ ಹಿಂದಿನಿಂದ ಓಡಿಬಂದಳು.

ಸಿಂದಗಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಬೀಗರಾದ ಶ್ರೀಶೈಲಪ್ಪನವರು ಶೇಂಗಾ ಹೋಳಿಗೆಯ ಡಬ್ಬಿಯೊಂದಿಗೆ ಕಾದಿದ್ದರು.

“ನಮ್ಮ ಮನಿ ಹೋಳಿಗಿ ಸೇರಂಗಿಲ್ಲೇನ್ರಿ ಬೀಗರ?”

“ನನಗ ಸೇರ್ತಾವ್ರಿ. ಆದ್ರ ಗಡ್ಡಿ ಪರೀಕ್ಷಾ ಐತಿ, ಖಾಲಿ ಹೊಟ್ಟಿಲೆ ಹೋಗಬೇಕ್ರಿ.”

“ಅಷ್ಟ ಹೌದಲ್ರಿ? ಗಡ್ಡಿಗೂ ಒಂದು ಇರ್ಲಿ ಬಿಡ್ರಿ.”

ಇಷ್ಟು ಹೇಳಿ ಅವರು ಹೋಳಿಗೆ ಮುರಿದು ಬಾಯಿಯ ಹತ್ತಿರ ತಂದರು. ಧರೆಪ್ಪ ಧೋತರ ಎತ್ತಿ ಕಟ್ಟಿ ಓಟ ಕಿತ್ತ. ಹಿಂದೆ ಬೀಗರು, ಅವರ ಹಿಂದೆ ಗುಂಡವ್ವ. ಮೂವರೂ ಬಸ್‌ಸ್ಟ್ಯಾಂಡ್ ಸುತ್ತುವುದನ್ನು ಜನ ನಿಂತು ನೋಡಿದರು. ಅಷ್ಟರಲ್ಲಿ ವಿಜಯಪುರದ ಬಸ್ಸು ಹೊರಟಿತು. ಹಗ್ಗ ಹರಿದುಕೊಂಡ ಹೋರಿಯಂತೆ ಅದರ ಬೆನ್ನು ಹತ್ತಿ ಧರೆಪ್ಪ ಒಳಬಿದ್ದ. ಕಂಡಕ್ಟರ ಬೈಯುತ್ತಲೇ ಬಸ್ಸು ನಿಲ್ಲಿಸಿ ಗುಂಡವ್ವನನ್ನೂ ಹತ್ತಿಸಿಕೊಂಡ.

ಕಿಡಕಿಯ ಪಕ್ಕ ಕುಳಿತಾಗ ಧರೆಪ್ಪನಿಗೆ ಒಂದು ಚೂರೂ ಬಾಯಿಗೆ ಹೋಗಲಿಲ್ಲವೆಂಬ ಹೆಮ್ಮೆ ಬಂತು. ಆಮೇಲೆ ಹೆದರಿಕೆಯೂ ಬಂತು. ಎಡಪಕ್ಕೆಯ ಮೇಲೆ ಕೈಯಿಟ್ಟು, ಗುಂಡವ್ವನಿಗೆ ಕೇಳಿಸದಂತೆ, “ಭಾಳ ತಿನ್ನಬ್ಯಾಡೋ ಮಾರಾಯಾ,” ಎಂದ. ಅವಳಿಗೆ ಕೇಳಿಸಿತು. ಅವಳು ಹೊರಗಡೆ ನೋಡತೊಡಗಿದಳು.

ಚುಚ್ಚಿದ್ದಾಯಿತು, ಯಂತ್ರದೊಳಗೆ ಮಲಗಿದ್ದಾಯಿತು. ಡಾಕ್ಟರು ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿದರು.

“ಗಡ್ಡಿ ಭಾಳ ತಿಂತೇನ್ರಿ ಸಾಹೇಬ್ರ?” ಎಂದ ಧರೆಪ್ಪ.

“ಗಡ್ಡೀದು ಏನೂ ಹೇಳಾಕ ಬರಂಗಿಲ್ಲ. ಸಕ್ಕರಿ ಎಲ್ಲಾ ನಿಮ್ಮ ತೊಡಿನ ತಿಂದಾವ. ಎಲ್ಲೆರೆ ಓಡೀರೇನು?”

ಚಿತ್ರದಲ್ಲಿ ಎರಡೂ ತೊಡೆಗಳು ಮದುವೆ ಹಂದರದ ದೀಪಗಳಂತೆ ಝಗಝಗಿಸುತ್ತಿದ್ದವು. ದುಡಿದ ಸ್ನಾಯು ಸಕ್ಕರೆ ಎಳೆದುಕೊಳ್ಳುತ್ತದಂತೆ. ಹೊಟ್ಟೆಯ ವಿಷಯ ಹೇಳಿದ ನರ್ಸಮ್ಮ ಕಾಲಿನ ವಿಷಯ ಹೇಳಲು ಮರೆತಿದ್ದಳು. ಮುಂದಿನ ಸೋಮವಾರ ಮತ್ತೆ ಬನ್ನಿ, ಹಿಂದಿನ ದಿನ ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು ಡಾಕ್ಟರು.

ಒಂದು ದಿನ ಸಾಕೆಂದದ್ದನ್ನು ಗುಂಡವ್ವ ಇಡೀ ವಾರಕ್ಕೆ ಎಳೆದಳು. ಊರು ಮುಟ್ಟಿದ ಸಂಜೆಯೇ ಪಡಸಾಲೆಯಲ್ಲಿ ಮಂಚ ಹಾಕಿ, ಸೋಮವಾರದ ತನಕ ಕಾಲು ನೆಲಕ್ಕೆ ತಾಗಬಾರದೆಂದು ಅಪ್ಪಣೆ ಮಾಡಿದಳು. ಸುದ್ದಿ ಕೇಳಿ ಮಸೂತಿ ಎಂಬ ಊರಿನಿಂದ ಧರೆಪ್ಪನ ಅಕ್ಕ ಹೊನ್ನವ್ವ ಗಂಟುಮೂಟೆ ಸಮೇತ ಬಂದಿಳಿದಳು. ಮಂಚಕ್ಕೆ ಹತ್ತಿಕೊಂಡು ಕುಳಿತು, ದೊಡ್ಡ ಬಾಟಲಿಯೊಂದರ ಬಿರಡೆ ಬಿಚ್ಚಿದಳು. ಧರೆಪ್ಪ ಬಾಗಿಲ ಕಡೆ ನೋಡಿದ. ಅಲ್ಲಿ ಗುಂಡವ್ವ ನಿಂತಿದ್ದಳು.

“ಅಂಜಬ್ಯಾಡ ತಮ್ಮಾ,” ಎಂದಳು ಹೊನ್ನವ್ವ, “ಇದರಾಗ ಸಕ್ಕರಿ ಇಲ್ಲ. ಬರೇ ಬೇವಿನ ಕಷಾಯ. ದಿನಕ್ಕ ಮೂರು ಸಲ.”