ಕ್ಷೇಮ ಬಿಟ್ಟ ಕಾರ್ಡು

ಮಗಳು ಉಮಾಮಹೇಶ್ವರಿಗೆ ಬಂದಿದ್ದ ಎರಡು ಸಂಬಂಧ ತಪ್ಪಿಹೋದದ್ದು ಅವಳ ಜಾತಕದ ದೋಷದಿಂದಲ್ಲ, ಅವರಪ್ಪನ ನಾಲಗೆಯ ದೋಷದಿಂದ ಅನ್ನೋದು ಮಂಜುಳಮ್ಮನವರ ಖಚಿತ ಅಭಿಪ್ರಾಯ. ಸುಳ್ಳೂ ಅಲ್ಲ ಬಿಡಿ. ಕುಣಿಗಲ್ಲಿನವರು ಹೆಣ್ಣು ನೋಡೋಕೆ ತುಮಕೂರಿಗೆ ಬಂದಾಗ, ಉಪ್ಪಿಟ್ಟಿನ ತಟ್ಟೆ ಕೈಗೆ ಬರೋದರೊಳಗೆ ಪಟ್ಟಾಭಿರಾಮಯ್ಯನವರು ತಮ್ಮ ಚಿಕ್ಕತಾತ ನಾಟಕದ ಕಂಪನಿ ಜೊತೆ ಓಡಿಹೋದ ಕಥೆ ಶುರು ಮಾಡಿದ್ದರು. ಕಾಫಿ ಮುಗಿಯೋ ಹೊತ್ತಿಗೆ ಚಿಕ್ಕತಾತ ಯಾರನ್ನ ಕಟ್ಟಿಕೊಂಡು ವಾಪಸ್ಸು ಬಂದ ಅನ್ನೋವರೆಗೂ ಬಂದಿದ್ದರು. ಊರು ಸೇರಿದ ಕುಣಿಗಲ್ಲಿನವರು ಆಮೇಲೆ ಒಂದು ಕಾಗದವನ್ನೂ ಹಾಕಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಶ್ರಾವಣದಲ್ಲಿ ಗುಬ್ಬಿಯಿಂದ ಮೂರನೆಯದು ಬಂತು. ಹುಡುಗ ಮೇಷ್ಟ್ರು. ಉಮಾ ಅವನ ಫೋಟೋ ನೋಡಿದವಳು ಅದನ್ನ ವಾಪಸ್ಸು ಕೊಡೋದನ್ನೇ ಮರೆತಿದ್ದಳು. "ರೀ, ಇದೂ ತಪ್ಪಿಹೋದರೆ ನಾನು ನಿಮ್ಮ ಹತ್ರ ಮಾತೇ ಆಡೋಲ್ಲ" ಅಂದರು ಮಂಜುಳಮ್ಮ. (ಮಾತಾಡದಿದ್ದರೆ ಇರಲಿ, ಕೇಳೋದನ್ನೂ ನಿಲ್ಲಿಸಿಬಿಟ್ಟರೆ ಗತಿಯೇನು?) ಪಟ್ಟಾಭಿರಾಮಯ್ಯ ಹೆದರಿ, ಅವತ್ತೇ ಮಿತಭಾಷಣವೆಂಬ ಘೋರ ವ್ರತವನ್ನು ಸ್ವೀಕರಿಸಿದರು.

ಗುಬ್ಬಿಯ ಶ್ರೀಕಂಠಯ್ಯ, ಕೌಸಲ್ಯಮ್ಮ ಮಗನ ಜೊತೆ ಬಂದು ಎರಡು ಗಂಟೆ ಕೂತರು. ಅಷ್ಟು ಹೊತ್ತಿನಲ್ಲಿ ಪಟ್ಟಾಭಿರಾಮಯ್ಯನವರ ಬಾಯಿಂದ ಬಂದದ್ದು "ಬನ್ನಿ", "ತೊಗೊಳ್ಳಿ", "ಹೌದು", ಇಷ್ಟೇ. ತಡೆದುಕೊಂಡ ಮಾತೆಲ್ಲ ಮುಖಕ್ಕೇರಿ ಮುಖ ಕೆಂಪಾಯಿತು, ಹಣೆ ಬೆವರಿತು, ಎರಡು ಸಲ ಬಿಕ್ಕಳಿಕೆಯೂ ಬಂತು. ಆದರೂ ಗೆದ್ದರು. ವಾರದೊಳಗೆ ಗುಬ್ಬಿಯಿಂದ ಮೂಲೆಗೆ ಅರಿಶಿನ ಹಚ್ಚಿದ ಕಾಗದ ಬಂತು: ನಮಗೆ ಹುಡುಗಿ ಒಪ್ಪಿಗೆ, ನಿಮ್ಮ ಅಭಿಪ್ರಾಯ ತಿಳಿಸಿದರೆ ಮಾತುಕತೆಗೆ ಬರುತ್ತೇವೆ.

ಗೆದ್ದ ಮನುಷ್ಯನಿಗೆ ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಾಗೋಲ್ಲ ನೋಡಿ. ಬರವಣಿಗೆಯಲ್ಲೂ ವ್ರತ ನಡೆಸೋಣ ಅಂತ ಪಟ್ಟಾಭಿರಾಮಯ್ಯ ಒಂದು ಕಾರ್ಡು ತೆಗೆದು, ನಟ್ಟನಡುವೆ "ಒಪ್ಪಿಗೆ. ಬುಧವಾರ ಬನ್ನಿ" ಎಂದು ಸಣ್ಣದಾಗಿ ಬರೆದು, ಕೆಳಗೆ ತಮ್ಮ ಹೆಸರನ್ನು ಮಾತ್ರ ದಪ್ಪಕ್ಷರದಲ್ಲಿ ಬರೆದರು. ಮೇಲೆ ಶ್ರೀ ಇಲ್ಲ, ಇತ್ತ ಕ್ಷೇಮ ಇಲ್ಲ, ಅತ್ತ ಕ್ಷೇಮ ಇಲ್ಲ, ಅರಿಶಿನವಂತೂ ಇಲ್ಲವೇ ಇಲ್ಲ. (ಕ್ಷೇಮವಾಗಿಲ್ಲದಿದ್ದರೆ ಕಾರ್ಡು ಬರೀತಾ ಕೂತಿರ್ತಿದ್ದೆನೇ, ಅನ್ನೋದು ಅವರ ವಾದ.) ಹೆಂಡತಿಗೂ ತೋರಿಸದೆ ತಾವೇ ಹೋಗಿ ಡಬ್ಬಕ್ಕೆ ಹಾಕಿ ಬಂದರು.

ಶ್ರೀ ಇಲ್ಲದ, ಕ್ಷೇಮ ಇಲ್ಲದ ಕಾಗದ ಯಾವಾಗ ಬರುತ್ತೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಸಾವಿನ ಸುದ್ದಿಯಿದ್ದಾಗ. ಗುಬ್ಬಿಯಲ್ಲಿ ಬಾಗಿಲ ಹೊರಗೇ ಕಾರ್ಡು ಇಸಕೊಂಡ ಶ್ರೀಕಂಠಯ್ಯನವರು ಮೇಲೆ ಶ್ರೀ ಇಲ್ಲದ್ದು ಕಂಡು ಹೊಸ್ತಿಲಾಚೆಯೇ ನಿಂತರು. ಕನ್ನಡಕ ಒಳಗಿತ್ತು, ಅಂಥ ಕಾರ್ಡನ್ನ ಒಳಗೆ ತರೋ ಹಾಗಿಲ್ಲ. ಬರಿಗಣ್ಣಿಗೆ ಕಂಡದ್ದು ದಪ್ಪಕ್ಷರದ ಹೆಸರೊಂದೇ. "ಪಾಪ, ಪಟ್ಟಾಭಿರಾಮಯ್ಯ ಹೋದರು ಕಣೇ. ಅವತ್ತೇ ನಂಗೆ ಅನುಮಾನ ಬಂದಿತ್ತು, ಮಾತೇ ಹೊರಡ್ತಿರಲಿಲ್ಲ ಅವರಿಗೆ" ಅಂದವರೇ ಕಾರ್ಡನ್ನ ಹರಿದುಹಾಕಿ ಸ್ನಾನಕ್ಕೆ ಬಾವಿಕಟ್ಟೆಗೆ ನಡೆದರು.

ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೇ ದಂಪತಿಗಳು ತುಮಕೂರಿಗೆ ಬಂದಿಳಿದರು. ಬಾಗಿಲು ತೆಗೆದ ಮಂಜುಳಮ್ಮನವರನ್ನ ಕೌಸಲ್ಯಮ್ಮ ತಬ್ಬಿಕೊಂಡು ಅತ್ತೇಬಿಟ್ಟರು. "ಎದೆಗುಂದಬೇಡಿ ಕಣಮ್ಮ. ಇನ್ನು ಉಮಾ ನಮ್ಮನೆ ಹುಡುಗಿ. ಮದುವೆ ನಾವೇ ಮಾಡ್ಕೋತೀವಿ." ಮಂಜುಳಮ್ಮನವರಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಬಚ್ಚಲುಮನೆಯಿಂದ ಪಂಚೆ ಸುತ್ತಿಕೊಂಡು ಬಂದ ಪಟ್ಟಾಭಿರಾಮಯ್ಯ, ವ್ರತಭಂಗವಾಗದಂತೆ, "ಬನ್ನಿ" ಅಂದರು.

ಕೌಸಲ್ಯಮ್ಮ ಅಲ್ಲೇ ಕುಸಿದು ಕೂತರು. ನೀರು ಕುಡಿಸಿ, ಬೀಸಣಿಗೆ ಬೀಸಿದ ಮೇಲೆ ಕಾರ್ಡಿನ ವಿಷಯ ಹೊರಬಂತು. ಶ್ರೀಕಂಠಯ್ಯನವರ ಮುಖ ಗಂಟಿಕ್ಕಿತ್ತು. ಬಾಗಿಲ ಮರೆಯಲ್ಲಿ ಉಮಾ ಕಣ್ಣೊರೆಸಿಕೊಳ್ಳೋದು ಕಂಡಿತು. ಅದನ್ನ ನೋಡಿದ ಮೇಲೆ ಪಟ್ಟಾಭಿರಾಮಯ್ಯನವರಿಗೆ ತಡೆಯೋಕಾಗಲಿಲ್ಲ, ಬಾಯಿಬಿಟ್ಟರು. ತಪ್ಪಾಯಿತು ಅಂದರು, ಮಗಳ ಆಸೆ ಹೇಳಿದರು, ಕುಣಿಗಲ್ಲಿನವರು ಕೈಬಿಟ್ಟದ್ದು, ಹೆಂಡತಿ ಹೆದರಿಸಿದ್ದು, ಕೊನೆಗೆ ಆ ಚಿಕ್ಕತಾತನನ್ನೂ ಬಿಡಲಿಲ್ಲ. ಮಂಜುಳಮ್ಮ, ಇದೂ ಹೋಯಿತು ಅಂತ ಕಣ್ಣು ಮುಚ್ಚಿಕೊಂಡರು.

ಮುಕ್ಕಾಲು ಗಂಟೆ ಆದ ಮೇಲೆ ಶ್ರೀಕಂಠಯ್ಯ ಕಣ್ಣರಳಿಸಿ ಅಂದರು: "ಅಲ್ಲ ಸ್ವಾಮಿ, ಇಷ್ಟು ಮಾತು ಬರುತ್ತಾ ನಿಮಗೆ? ಮೂಕರ ಮನೆಯಿಂದ ಹೆಣ್ಣು ತಂದ್ಕೊಂಡು ಹೊತ್ತು ಹೇಗಪ್ಪಾ ಕಳೆಯೋದು ಅಂತ ನನಗೊಂದೇ ಕೊರಗಿತ್ತು. ಈಗ ನಮ್ಮ ಸೋದರಮಾವನ ವಿಚಾರ ಕೇಳಿ."

ಮಾವನ ವಿಚಾರ ಊಟದ ಹೊತ್ತು ದಾಟಿತು. ಪಟ್ಟಾಭಿರಾಮಯ್ಯ ಬಾಯಿ ತೆರೆದಾಗಲೆಲ್ಲ "ಇರಿ, ಅದಕ್ಕೇ ಬಂದೆ" ಅಂದು ಶ್ರೀಕಂಠಯ್ಯ ಮುಂದಕ್ಕೆ ಹೋದರು. ಒಳಗೆ ಹೆಂಗಸರು ಡಿಕಾಕ್ಷನ್ ಇಳಿಯೋದರೊಳಗೆ ಛತ್ರ, ಸೀರೆ, ತಿಂಗಳು ಎಲ್ಲ ಮಾತಾಡಿ ಮುಗಿಸಿದ್ದರು. "ಅಪ್ಪ, ಕಾರ್ತಿಕದಲ್ಲಿ ಮದುವೆಯಂತೆ" ಎಂದು ಉಮಾ ಬಂದು ಕಿವಿಯಲ್ಲಿ ಹೇಳಿದಾಗ ಅವರಿಗೆ ಎದೆ ತುಂಬಿಬಂತು. ಬೀದಿಗೆ ಹೋಗಿ ಕಂಡಕಂಡವರಿಗೆಲ್ಲ ಹೇಳೋಣ ಅಂತ ಎದ್ದರು.

ಶ್ರೀಕಂಠಯ್ಯ ಅವರ ಪಂಚೆಯ ತುದಿ ಹಿಡಿದು ಕೂರಿಸಿದರು. "ಎಲ್ಲಿಗೆ ಬೀಗರೇ? ಮಾವನಿಗಿನ್ನೂ ಉಪನಯನವೇ ಆಗಿಲ್ಲ."