ಟೈರಿನ ಕೂದಲು

ನನ್ನ ಮೋಟಾರ್ ಸೈಕಲ್ಲಿನ ಬಗ್ಗೆ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ. ಅದನ್ನು ಹತ್ತಲು ನನಗೊಂದು ಕಲ್ಲು ಬೇಕು.

ಐವತ್ತು ತುಂಬಿದ ವರ್ಷ, ಬೇರೆ ಗಂಡಸರು ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿಕೊಳ್ಳುವ ಹೊತ್ತಿನಲ್ಲಿ, ನಾನು ಎಂಡ್ಯೂರೋ ಎಂಬ ಜಾತಿಯ ಗಾಡಿ ಕೊಂಡೆ. ಬೆಟ್ಟ, ಹಳ್ಳ, ಕೆಸರುಗಳಲ್ಲಿ ಓಡಿಸಲೆಂದೇ ಹುಟ್ಟಿದ್ದು. ತೂಕದಲ್ಲಿ ಆಡಿನ ಮರಿ, ಎತ್ತರದಲ್ಲಿ ಒಂಟೆ. ಮೇಲೆ ಕೂತರೆ ನನ್ನ ಎರಡೂ ಪಾದಗಳು ನೆಲದ ಸಂಬಂಧ ಕಡಿದುಕೊಳ್ಳುತ್ತವೆ. ಹಾಗಾಗಿ ಬಟ್ಟೆ ಒಗೆಯುವ ಕಲ್ಲನ್ನು ಗೇಟಿನ ಪಕ್ಕಕ್ಕೆ ಉರುಳಿಸಿಟ್ಟುಕೊಂಡೆ. ನಾನು ಗ್ರಂಥಪಾಲಕನಾಗಿರುವ ತರೀಕೆರೆಯ ಕಾಲೇಜಿನಲ್ಲಿ ಗ್ರಂಥಾಲಯದ ಮೆಟ್ಟಿಲಿದೆ. ಈ ಎರಡು ಪುಣ್ಯಸ್ಥಳಗಳನ್ನು ಬಿಟ್ಟು ಬೇರೆಲ್ಲೂ ನಾನು ಗಾಡಿ ನಿಲ್ಲಿಸುವುದಿಲ್ಲ. (ದಾರಿಯಲ್ಲಿ ಯಾರಾದರೂ ಕೈ ಬೀಸಿದರೆ ತಲೆಯಾಡಿಸಿ ಮುಂದೆ ಹೋಗುತ್ತೇನೆ. ಮೃತ್ಯುಂಜಯ ಮೇಷ್ಟ್ರಿಗೆ ಈಚೆಗೆ ಅಹಂಕಾರ ಬಂದಿದೆ ಎಂದು ಊರಲ್ಲಿ ಮಾತಿದೆ.)

ನನ್ನ ಹೆಂಡತಿ ಸುಮನಾ ನನಗಿಂತ ನಾಲ್ಕಂಗುಲ ಎತ್ತರ. ನಮ್ಮ ಮದುವೆಯ ಫೋಟೋದಲ್ಲಿ ನಾನು ಮಣೆಯ ಮೇಲೆ ನಿಂತಿದ್ದೇನೆ. ಕಲ್ಲು ನೋಡಿದವಳೇ ಅವಳು, "ಪರವಾಗಿಲ್ಲ ಕಣ್ರೀ, ಇಪ್ಪತ್ತಾರು ವರ್ಷಕ್ಕೆ ಮಣೆಯಿಂದ ಕಲ್ಲಿಗೆ ಪ್ರಮೋಷನ್ ಸಿಕ್ತು," ಎಂದಳು.

ಸುಮನಾ ಪಶು ಇಲಾಖೆಯಲ್ಲಿದ್ದಾಳೆ. ಹಸುಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುವುದು ಅವಳ ಕೆಲಸ. ದಿನಾ ಬೆಳಿಗ್ಗೆ ಸ್ಕೂಟರಿನ ಮುಂದೆ ಐಸ್ ಡಬ್ಬಿ ಇಟ್ಟುಕೊಂಡು ಅಜ್ಜಂಪುರದ ಕಡೆ, ಅಂತರಘಟ್ಟೆಯ ಆಸುಪಾಸಿನ ಹಳ್ಳಿಗಳಿಗೆ ಹೊರಡುತ್ತಾಳೆ. ಐಸ್ ಕರಗುವುದರೊಳಗೆ ಹಸುವನ್ನು ಮುಟ್ಟಬೇಕು, ಅಷ್ಟೆ. ನನ್ನ ತಿಳಿವಳಿಕೆಯಲ್ಲಿ ಅದೊಂದು ಸಾಧಾರಣ ಓಡಾಟ. ಸಾಹಸ ಎಂಬುದು ನನ್ನ ಇಲಾಖೆ.

ಸಾಹಸಕ್ಕೆ ಕರೆಯೂ ಬಂದಿತ್ತು. ಊರಿನ ಕೆಲವು ಉತ್ಸಾಹಿಗಳು ಭಾನುವಾರ ಭಾನುವಾರ ಕೆಮ್ಮಣ್ಣುಗುಂಡಿಯ ಮಣ್ಣುದಾರಿ ಹತ್ತುತ್ತಾರೆ. "ಬನ್ನಿ ಸಾರ್," ಎಂದರು. ಆ ದಾರಿಯಲ್ಲಿ ಎಷ್ಟು ಕಲ್ಲಿದ್ದರೂ ನನಗೆ ಬೇಕಾದ ಕಡೆ ಬೇಕಾದ ಎತ್ತರದ ಕಲ್ಲು ಇರುತ್ತದೆಂದು ಏನು ಭರವಸೆ? ಗಂಭೀರವಾಗಿ ಹೇಳಿದೆ: "ಬರ್ತೀನಿ. ಆದ್ರೆ ಕಂಪನಿ ಟೈರು ಆ ದಾರಿಗೆ ಆಗಲ್ಲ. ಸರಿಯಾದ ಟೈರು ಹಾಕಿಸಿದ ಮೇಲೆ ಬರ್ತೀನಿ."

ಹೀಗೆ ಟೈರು ಆರಿಸುವ ಮಹಾಯಜ್ಞ ಶುರುವಾಯಿತು. ಮೂರು ತಿಂಗಳು ನಡೆಯಿತು.

ಗ್ರಂಥಪಾಲಕನಾದ ನಾನು ಟೈರನ್ನು ಪುಸ್ತಕದಂತೆ ವರ್ಗೀಕರಿಸಿದೆ. ಕಂಪ್ಯೂಟರ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಪುಸ್ತಕಪಟ್ಟಿಯ ಹಳೆಯ ಕಾರ್ಡುಗಳಲ್ಲಿ ಅರವತ್ತೆರಡನ್ನು ತಂದು ತುಂಬಿಸಿದೆ. ಮುಂದಿನ ಚಕ್ರ ಇಪ್ಪತ್ತೊಂದು ಇಂಚು, ಹಿಂದಿನದು ಹದಿನೆಂಟು. ಮೈತುಂಬ ರಬ್ಬರಿನ ದಪ್ಪ ಗುಂಡಿ ಹೊಲಿದಂತಿರುವ ಬಟನ್ ಟೈರೋ, ಅರ್ಧ ಡಾಂಬರು ಅರ್ಧ ಮಣ್ಣಿನ ಬೆರಕೆ ಟೈರೋ? ರಬ್ಬರು ಮೆದುವೋ, ಗಟ್ಟಿಯೋ? ಊಟಕ್ಕೆ ಕೂತಾಗ ಎಡಗೈಯಲ್ಲಿ ಫೋನು ಹಿಡಿದು ಟೈರಿನ ವಿಡಿಯೋ ನೋಡುತ್ತಿದ್ದೆ.

"ರೀ, ನನ್ನ ಸ್ಕೂಟರಿನ ಹಿಂದಿನ ಟೈರು ಸವೆದುಹೋಗಿದೆ. ಒಂಚೂರು ಹಾಕಿಸಿಕೊಡ್ರೀ," ಎಂದಳು ಸುಮನಾ ಒಂದು ದಿನ.

"ಇರೇ, ನನ್ನದು ಆಗ್ಲಿ. ಎರಡೂ ಒಟ್ಟಿಗೆ ಹಾಕ್ಸೋಣ."

"ನಿಮ್ಮದು ಯಾವಾಗ ಆಗುತ್ತೆ?"

"ಅವಸರದಲ್ಲಿ ಮಾಡೋ ಕೆಲ್ಸ ಅಲ್ಲ ಕಣೇ ಇದು."

"ನನ್ನನ್ನ ನೋಡೋಕೆ ಬಂದಾಗ ಒಂದು ಲೋಟ ಕಾಫಿ ಕುಡಿದು ಒಪ್ಪಿಕೊಂಡು ಹೋದ್ರಿ. ಟೈರಿಗೆ ತಿಂಗಳುಗಟ್ಟಲೆ ಬೇಕಾ?"

ಮೊದಲು ಕಡೂರಿಗೆ ಹೋದೆ. (ಬಸ್ಸಿನಲ್ಲಿ. ಹೈವೇಯಲ್ಲಿ ಗಾಡಿಯನ್ನು ಸುಮ್ಮನೆ ಯಾಕೆ ಸವೆಸಬೇಕು?) ಅಲ್ಲಿನ ಅಂಗಡಿಯವರು, "ಎಲ್ಲಿ ಓಡಿಸ್ತೀರಿ?" ಎಂದರು. "ಎಲ್ಲಾ ಕಡೆ," ಎಂದೆ. "ಗಟ್ಟಿ ನೆಲ, ಚೂಪು ಕಲ್ಲು ಸ್ವಾಮಿ ನಮ್ಮ ಸೀಮೆ. ಬಟನ್ ಒತ್ತೊತ್ತಾಗಿರೋದೇ ಬೇಕು. ದೂರ ದೂರ ಇದ್ರೆ ಕಿತ್ಕೊಂಡು ಹೋಗುತ್ತೆ," ಎಂದರು.

ಮುಂದಿನ ವಾರ ಅಜ್ಜಂಪುರಕ್ಕೆ ಹೋದೆ. (ಬಸ್ಸಿನಲ್ಲೇ.) ಅಂಗಡಿಯ ಸಿದ್ದಲಿಂಗೇಶ್ ಕಡೂರಿನ ಸಲಹೆ ಕೇಳಿ ನಕ್ಕರು. "ಒತ್ತಾಗಿರೋದಾ? ನಮ್ಮದು ಎರೆಭೂಮಿ ಸಾರ್. ಒಂದು ಮಳೆ ಬಿದ್ರೆ ಆ ಕರಿಮಣ್ಣು ಸಂದಿಗೆಲ್ಲ ಮೆತ್ಕೊಂಡು ಟೈರು ಮುದ್ದೆ ಆಗುತ್ತೆ. ದೂರ ದೂರ ಬಟನ್ ಇರ್ಬೇಕು, ತಿರುಗ್ತಾ ತಿರುಗ್ತಾ ತಾನೇ ಮಣ್ಣು ಉದುರಿಸ್ಕೋಬೇಕು. ಅಂದಂಗೆ ನೀವು ಎಲ್ಲಿ ಓಡಿಸ್ತೀರಿ?"

ಬಸ್ಸಿನಲ್ಲಿ ವಾಪಸು ಬರುವಾಗ ಯೋಚನೆಗೆ ಬಿದ್ದೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅವರವರ ಮಣ್ಣಿಗೆ ಅವರವರ ಮಾತು ಸರಿ. ಹೀಗೆ ಮೂವತ್ತು ಮೈಲಿಯೊಳಗೆ ಸತ್ಯ ಬದಲಾಗುವುದಾದರೆ ಮನುಷ್ಯ ತನ್ನ ಮಣ್ಣು ಯಾವುದೆಂದು ಮೊದಲು ತಿಳಿದುಕೊಳ್ಳಬೇಕು. ನನಗೆ ಅದೊಂದು ಗೊತ್ತಿರಲಿಲ್ಲ. ಆದ್ದರಿಂದ ಇನ್ನಷ್ಟು ವಿಡಿಯೋ ನೋಡಿದೆ.

ಕೊನೆಗೆ ನಮ್ಮೂರಲ್ಲೇ ಇರುವ ಸಿಕಂದರ್ ಸಾಹೇಬರ ಅಂಗಡಿಗೆ ಹೋದೆ. (ಮನೆಗೆ ಹತ್ತಿರವಿದ್ದದ್ದರಿಂದ ಅವರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ.) ನಲವತ್ತು ವರ್ಷದಿಂದ ಟೈರು ಕಳಚಿ ಹಾಕುತ್ತಿರುವ ಮನುಷ್ಯ. ಪುಣ್ಯಕ್ಕೆ ನನ್ನ ಕಲ್ಲಿನಷ್ಟೇ ಎತ್ತರವಿದ್ದ ಅಂಗಡಿಯ ಕಟ್ಟೆಗೆ ಒರಗಿಸಿ ಗಾಡಿ ನಿಲ್ಲಿಸಿ, ಇಳಿದು, ಕಾರ್ಡುಗಳನ್ನು ಹೊರತೆಗೆದೆ. ಅವರು ಕಾರ್ಡು ಮುಟ್ಟಲಿಲ್ಲ. ಕೂತು, ಹಿಂದಿನ ಟೈರಿನ ಮೇಲೆ ಜೋಯಿಸರು ಅಂಗೈ ನೋಡುವ ಹಾಗೆ ಬೆರಳಾಡಿಸಿದರು.

"ಎಷ್ಟು ದಿನ ಆಯ್ತು ಸಾರ್ ಗಾಡಿ ತಗೊಂಡು?"

"ಎರಡು ವರ್ಷ."

"ಮಧ್ಯ ಒಂದು ಪಟ್ಟಿ ಸವೆದಿದೆ. ಅಂಚಿನಲ್ಲಿ ಕೂದಲು ಹಂಗೇ ಇದೆ ನೋಡಿ." ಹೊಸ ಟೈರಿನ ಮೇಲೆ ಸಣ್ಣ ಸಣ್ಣ ರಬ್ಬರಿನ ಎಳೆಗಳಿರುತ್ತವಲ್ಲ, ಅವು. ನನ್ನ ತಲೆಯ ಮೇಲಿರುವುದಕ್ಕಿಂತ ಹೆಚ್ಚಿದ್ದವು. "ಸಿಮೆಂಟ್ ರೋಡು. ದಿನಾ ಒಂದೂವರೆ ಕಿಲೋಮೀಟರ್ ಹೋಗೋದು, ಬರೋದು. ತಿರುವಿನಲ್ಲೂ ಗಾಡಿ ಬಾಗಿಸಲ್ಲ ನೀವು. ಇದಕ್ಕೆ ಯಾಕೆ ಸಾರ್ ಬಟನ್ ಟೈರು? ಗಾಳಿ ಹಾಕ್ಸಿ, ಸಾಕು."

ನಾನು ಕಾರ್ಡುಗಳನ್ನು ಜೇಬಿಗಿಟ್ಟೆ.

"ಟೈರು ಅಂದ್ರೆ ಇದು ನೋಡಿ," ಎಂದು ಅವರು ಮೂಲೆಯಲ್ಲಿ ನಿಂತಿದ್ದ ಸ್ಕೂಟರಿನತ್ತ ಹೋದರು. "ಬೆಳಿಗ್ಗೆ ಪಂಕ್ಚರ್‌ಗೆ ಬಂತು. ಸಂದಿಯಲ್ಲಿ ಕೆಂಪು ಕಲ್ಲು, ಅದರ ಮೇಲೆ ಎರೆಮಣ್ಣು. ಜಾಲಿಮುಳ್ಳು ಏಳು ಕಿತ್ತೆ. ಅಂಚಿನ ತನಕ ಬೋಳು. ಅಂದ್ರೆ ಕೆಸರಲ್ಲಿ ಗಾಡಿ ಬಾಗಿಸಿ ಬಾಗಿಸಿ ತಪ್ಪಿಸ್ಕೊಂಡು ಓಡ್ಸಿದಾರೆ. ಟೈರಿನ ಎಡಗಡೆ ನೋಡಿ, ನೆಲಕ್ಕೆ ಉಜ್ಜಿದೆ. ಒಂದ್ಸಲ ಬಿದ್ದಿದಾರೆ. ಇನ್ನೊಂದ್ಸಲನೂ ಬೀಳ್ತಾರೆ, ಈ ಟೈರಲ್ಲಿ."

ಸ್ಕೂಟರಿನ ಮುಂದೆ ಐಸ್ ಡಬ್ಬಿ ಕಟ್ಟುವ ಹಗ್ಗ ಇತ್ತು. ಆ ಹಗ್ಗ ನನ್ನ ಹಳೆಯ ಪೈಜಾಮದ ಲಾಡಿ.

"ಯಾರದು ಸಾಹೇಬ್ರೇ?" ಎಂದೆ, ದನಿ ಬೇರೆ ಮಾಡಿಕೊಂಡು.

"ದನಗಳಿಗೆ ಇಂಜೆಕ್ಷನ್ ಹಾಕ್ತಾರಲ್ಲ, ಆ ಅಮ್ಮಾವ್ರದು. ಟೈರು ಬದಲಾಯಿಸಿ ಅಂತ ಎರಡು ಸಲ ಹೇಳ್ದೆ. ಅವ್ರ ಯಜಮಾನ್ರು ಮೂರು ತಿಂಗಳಿಂದ ಟೈರು ಆರಿಸ್ತಾ ಇದಾರಂತೆ. ಅವರದು ಮುಗೀಲಿ, ಆಮೇಲೆ ನನ್ನದು ಅಂದ್ರು." ಅವರು ತಲೆಯಾಡಿಸಿದರು. "ಎಂಥೆಂಥೋರು ಇರ್ತಾರೆ ಸಾರ್."

"ಇರ್ತಾರೆ, ಇರ್ತಾರೆ," ಎಂದೆ.

ಮನೆಗೆ ಬಂದು ಕಲ್ಲಿನ ಮೇಲೆ ಇಳಿದು ಅಲ್ಲೇ ಕೂತುಬಿಟ್ಟೆ. ಸುಮನಾ ಬಸ್ಸಿನಲ್ಲಿ ಬಂದು ಗೇಟು ತೆಗೆದಾಗಲೂ ಕೂತೇ ಇದ್ದೆ.

"ನೀನು ಸ್ಕೂಟರಿಂದ ಬಿದ್ದಿದ್ಯಂತೆ. ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ."

"ಯಾವಾಗ?"

"ಬಿದ್ದ ದಿನಾನೇ. ಮೊಣಕೈ ತೋರ್ಸಿ ಹೇಳ್ದೆ. ನೀವು ಫೋನಿಂದ ತಲೆ ಎತ್ತದೆ, 'ಸೈಡ್ ಗ್ರಿಪ್ ಸಾಲದು ಅಂತ ಕಾಣುತ್ತೆ' ಅಂದ್ರಿ."

ಹೌದು, ಅಂದಿದ್ದೆ. ಟೈರಿನ ವಿಷಯದಲ್ಲಿ ಆ ಮೂರು ತಿಂಗಳಲ್ಲಿ ನಾನು ಕೊಟ್ಟ ಒಂದೇ ಒಂದು ಸರಿಯಾದ ಅಭಿಪ್ರಾಯ ಅದು. ಯಾರಿಗೆ ಕೊಡುತ್ತಿದ್ದೇನೆಂದು ಮಾತ್ರ ನೋಡಿರಲಿಲ್ಲ. ಅವಳು ಮೊಣಕೈ ತಿರುಗಿಸಿದಳು. ಗಾಯ ಮಾಗಿ ಗುಲಾಬಿ ಬಣ್ಣಕ್ಕೆ ಬಂದಿತ್ತು. ಒಂದೇ ಮನೆಯಲ್ಲಿದ್ದು, ಅದು ಹಸಿಯಿದ್ದಾಗ ನಾನು ಕಂಡಿರಲಿಲ್ಲ.

ಇಂಥ ಹೊತ್ತಿನಲ್ಲಿ ಸುಮ್ಮನಿದ್ದರೆ ಮನುಷ್ಯ ಮರ್ಯಾದೆಯಿಂದ ಉಳಿಯುತ್ತಾನೆ. ನಾನು ಎದ್ದು ಕಲ್ಲಿನ ಮೇಲೆ ನಿಂತು ಭಾಷಣ ಮಾಡಿದೆ. "ಸುಮನಾ, ನಾಳೆಯಿಂದ ಈ ಗಾಡಿ ನಿನ್ನದು. ಬೇಕಾದ ಟೈರು ಹಾಕಿಸ್ಕೋ. ನಾನು ಸ್ಕೂಟರಲ್ಲಿ ಹೋಗ್ತೀನಿ." ತ್ಯಾಗವೇನೋ ನಿಜವಾದದ್ದೇ. ಆದರೆ ಇಂಥ ಮಾತಿಗೆ ಹೆಂಡತಿಯಾದವಳು, 'ಅಯ್ಯೋ ನನಗ್ಯಾಕ್ರೀ ಅಷ್ಟೆತ್ತರದ ಗಾಡಿ, ನೀವು ಅಂದಿದ್ದೇ ಸಾಕು' ಎಂದು ಕಣ್ಣೊರೆಸಿಕೊಳ್ಳುತ್ತಾಳೆ ಎಂಬ ಲೆಕ್ಕಾಚಾರ ಒಳಗೆಲ್ಲೋ ಇತ್ತು.

ಸುಮನಾ ಕೈ ಚಾಚಿ, "ಕೀ ಕೊಡಿ," ಎಂದಳು.

ಚೂಡಿದಾರದ ದುಪ್ಪಟ್ಟವನ್ನು ಸೊಂಟಕ್ಕೆ ಬಿಗಿದು ಕಾಲೆತ್ತಿ ಕೂತಳು. ಎರಡೂ ಪಾದಗಳು ನೆಲದ ಮೇಲೆ ಸಮವಾಗಿ ಊರಿದವು. ಕಡೂರಿನಲ್ಲಿ ಹುಡುಗಿಯಾಗಿದ್ದಾಗ ತನ್ನಪ್ಪನ ಬುಲೆಟ್ ಓಡಿಸುತ್ತಿದ್ದಳು ಎಂಬುದನ್ನು ಅವಳು ಎಷ್ಟೋ ಸಲ ಹೇಳಿದ್ದಳಂತೆ. ಆಗ ನಾನು ಏನು ನೋಡುತ್ತಿದ್ದೆನೋ.

ಮರುದಿನ ಸಿಕಂದರ್ ಸಾಹೇಬರ ಅಂಗಡಿಯಲ್ಲಿ ಟೈರು ಆರಿಸಲು ಅವಳು ತೆಗೆದುಕೊಂಡ ಸಮಯ, ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟು. "ಎರೆಮಣ್ಣು ಉದುರಿಸ್ಬೇಕು ಸಾಹೇಬ್ರೇ. ಡಾಂಬರ್ ಮೇಲೆ ಜಾರಬಾರ್ದು. ಐಸ್ ಡಬ್ಬಿ ಕುಲುಕಬಾರ್ದು." ಅವರು ಒಂದು ಜೊತೆ ಇಳಿಸಿದರು. ನನ್ನ ಅರವತ್ತೆರಡು ಕಾರ್ಡುಗಳಲ್ಲಿ ಆ ಟೈರು ಇರಲಿಲ್ಲ. ಸ್ಕೂಟರಿಗೂ ಹೊಸ ಟೈರು ಬಿತ್ತು. ಸಾಹೇಬರು ನನ್ನನ್ನೂ ಅವಳನ್ನೂ ನೋಡಿ, "ಓ, ಯಜಮಾನ್ರು ನೀವೇನಾ?" ಎಂದರು. ಅಷ್ಟೇ ಸಾಕಾಗಿತ್ತು.

ಈಗ ಮಳೆಗಾಲ ಅರ್ಧ ಮುಗಿದಿದೆ. ಸುಮನಾ ಸಂಜೆ ಬಂದು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಕಾಲಿನ ಕರಿಮಣ್ಣು ತೊಳೆದುಕೊಳ್ಳುತ್ತಾಳೆ. ನಾನು ಫೋನು ಒಳಗಿಟ್ಟು ಬಂದು ಚೊಂಬಿನಲ್ಲಿ ನೀರು ಹಾಕುತ್ತೇನೆ. ಯಾವ ಹಳ್ಳ ಎಷ್ಟು ಬಂದಿತ್ತು, ಯಾರ ಮನೆಯ ಎಮ್ಮೆ ಒದೆಯಿತು, ಎಲ್ಲ ಹೇಳುತ್ತಾಳೆ. ಭಾನುವಾರದ ಉತ್ಸಾಹಿಗಳು ಈಚೆಗೆ ಅವಳನ್ನೇ ಕೆಮ್ಮಣ್ಣುಗುಂಡಿಗೆ ಕರೆದರು. ಭಾನುವಾರವಾದರೂ ಮನೆಯಲ್ಲಿರುತ್ತೇನೆ ಎಂದಳು.

ಮೊನ್ನೆ ಸ್ಕೂಟರಿಗೆ ಗಾಳಿ ಹಾಕಿಸಲು ಸಾಹೇಬರ ಹತ್ತಿರ ಹೋಗಿದ್ದೆ. ಅವರು ಎಂದಿನಂತೆ ಕೂತು ಟೈರಿನ ಮೇಲೆ ಬೆರಳಾಡಿಸಿದರು. ಟೈರು ಹಾಕಿಸಿದ ದಿನದಂತೆಯೇ ಕೂದಲು ಸೊಂಪಾಗಿತ್ತು. ಅವರು ನನ್ನ ಮುಖ ನೋಡಿದರು. ನಾನು ರಸ್ತೆಯ ಆ ಕಡೆ ನೋಡಿದೆ.

"ಬೇಜಾರ್ ಮಾಡ್ಕೋಬೇಡಿ ಸಾರ್," ಎಂದರು ಮೆಲ್ಲಗೆ. "ಬೇಕಾದ್ರೆ ಕತ್ತರಿಯಲ್ಲಿ ಕತ್ತರಿಸಿಕೊಡ್ತೀನಿ. ನೋಡೋರಿಗೆ ಓಡ್ಸಿದಂಗೆ ಕಾಣುತ್ತೆ."

ನಾನು ಹಿಂದೆ ಮುಂದೆ ನೋಡಿದೆ. ಪರಿಚಯದವರು ಯಾರೂ ಇರಲಿಲ್ಲ.

"ಎಡಗಡೆ ಸ್ವಲ್ಪ ಜಾಸ್ತಿನೇ ತೆಗೀರಿ," ಎಂದೆ.